ಮನೆಗಿಂತ ಮೊದಲು ಕೊಟ್ಟಿಗೆ: ಬೆಂಕಿ ಬೆಟ್ಟದ ತಪ್ಪಲಲ್ಲಿ ಊರು ಮತ್ತೆ ಕಟ್ಟುವ ಬಗೆ

ನಾನು ಕರೆದ ಮೊದಲ ಸಭೆಗೆ ಬಂದವರು ಮೂರೇ ಜನ. ಅದರಲ್ಲೂ ಒಬ್ಬರು ಮಳೆ ಹನಿಯಿತು ಅಂತ ಸುಮ್ನೆ ಒಳಗೆ ಬಂದು ನಿಂತವರು.

2011ರ ಶುರು ಅದು. ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ಬೆಂಕಿ ಉಗುಳುವ ಮೆರಾಪಿ ಬೆಟ್ಟದ ದಕ್ಷಿಣ ತಪ್ಪಲು. ಬೆಟ್ಟ ಸಿಡಿದು ಕೆಲವೇ ತಿಂಗಳಾಗಿತ್ತು. ನಾನು ಆಗ ಯೋಗ್ಯಕರ್ತ ನಗರದಲ್ಲಿ ಓದುತ್ತಿದ್ದೆ. ಅಲ್ಲಿಂದ ಬೆಟ್ಟ ಹೆಚ್ಚುಕಡಿಮೆ 30 ಕಿಲೋಮೀಟರ್. ಮನೆ ಕಳೆದುಕೊಂಡ ಒಂದು ಕೇರಿಯವರ ಜೊತೆ ಕೂತು ಮುಂದೇನು ಅಂತ ಬರೆದುಕೊಳ್ಳುವುದು ನಮ್ಮ ಸ್ವಯಂಸೇವಕರ ಗುಂಪಿನ ಕೆಲಸ. ಬೆಳಿಗ್ಗೆ ಹತ್ತಕ್ಕೆ ಸಭೆ ಅಂತ ಬೋರ್ಡು ಹಾಕಿದ್ದೆ. ಆ ಹೊತ್ತಿಗೆ ಇಡೀ ಕೇರಿ ಕುಡುಗೋಲು ಹಿಡಿದು ಹುಲ್ಲಿಗೆ ಹೋಗಿತ್ತು.

ಕೇರಿಯ ಮುಖ್ಯಸ್ಥರು ಸಂಜೆ ಬಂದು ನಕ್ಕರು. "ಎಂಬಾಕ್, ಹಸು ಹತ್ತು ಗಂಟೆಗೆ ಸಭೆ ಮಾಡೋದಿಲ್ಲ" ಅಂದರು. ಎಂಬಾಕ್ ಅಂದರೆ ಜಾವಾ ಮಾತಲ್ಲಿ ಅಕ್ಕ. ಆಮೇಲೆ ರಾತ್ರಿಯ ನಮಾಜು ಮುಗಿಸಿ, ಏಳೂವರೆ ಎಂಟಕ್ಕೆ ಕೂತೆವು. ನಲವತ್ತು ಜನ ಬಂದರು.

ನನ್ನ ಊರು ಸೋಮವಾರಪೇಟೆ ಹತ್ತಿರ. ನಮ್ಮ ಕಡೆ ಬೆಂಕಿ ಉಗುಳುವ ಬೆಟ್ಟ ಇಲ್ಲ. ಇಂಡಿಯಾದಲ್ಲೇ ಈಗ ಜೀವಂತ ಇರುವುದು ಅಂಡಮಾನಿನ ಬ್ಯಾರನ್ ದ್ವೀಪದ್ದು ಒಂದೇ, ಅಲ್ಲಿ ಜನವಸತಿಯೇ ಇಲ್ಲ. ಆದರೆ 2018ರ ಆಗಸ್ಟಿನಲ್ಲಿ ಮಕ್ಕಂದೂರು ಕಡೆ ಗುಡ್ಡ ಜಾರಿದಾಗ ಮಾವ ಫೋನ್ ಮಾಡಿದ್ದರು. "ನೀನು ಆ ಬೆಟ್ಟದ ಹತ್ರ ಏನೋ ಮಾಡಿದ್ಯಲ್ಲ ಮಗಾ, ಹ್ಯಾಗೆ ಮಾಡಿದ್ರಿ ಅಂತ ಬರೆದು ಕೊಡು." ಅವತ್ತು ಬರೆದುಕೊಟ್ಟದ್ದು ಎರಡು ಪುಟ. ಅದನ್ನೇ ಈಗ ಬಿಡಿಸಿ ಬರೆಯುತ್ತಿದ್ದೇನೆ.

ಹಸುವಿನ ಲೆಕ್ಕ ಯಾಕೆ ಮೊದಲು

ಮೆರಾಪಿ 2010ರ ಅಕ್ಟೋಬರ್ 26ರಂದು ಸಿಡಿಯಿತು. ಬೆಟ್ಟದ ಕಾವಲುಗಾರ ಅಂತ ಯೋಗ್ಯಕರ್ತದ ಅರಮನೆಯಿಂದ ನೇಮಕವಾಗಿದ್ದ ಎಂಬಾಹ್ ಮರಿಜಾನ್ ಎಂಬ ಹಿರಿಯರು ಕಿನಾಹ್‌ರೆಜೊ ಊರು ಬಿಟ್ಟು ಬರಲಿಲ್ಲ. ಅಲ್ಲೇ ತೀರಿಕೊಂಡರು. ನವೆಂಬರ್ 5ರ ರಾತ್ರಿಯದ್ದು ಎಲ್ಲಕ್ಕಿಂತ ದೊಡ್ಡ ಸಿಡಿತ. ಗೆಂಡೋಲ್ ಹೊಳೆಯ ಗುಂಟ ಸುಡುವ ಬೂದಿ, ಅನಿಲದ ಬಿಸಿ ಮೋಡ ಇಳಿದು, ತುದಿಯಿಂದ ಹದಿಮೂರು ಹದಿನೈದು ಕಿಲೋಮೀಟರ್ ದೂರದ ಬ್ರೊಂಗಾಂಗ್ ಊರಿನಲ್ಲೂ ಜನ ಸತ್ತರು. ಒಟ್ಟು ಸತ್ತವರು 350ಕ್ಕೂ ಜಾಸ್ತಿ. ಊರು ಬಿಟ್ಟು ಹೊರಟವರು ಮೂರೂವರೆ ಲಕ್ಷಕ್ಕೂ ಮೇಲೆ. ಆ ಬಿಸಿ ಮೋಡಕ್ಕೆ ಅಲ್ಲಿಯವರು 'ವೆದುಸ್ ಗೆಂಬೆಲ್' ಅನ್ನುತ್ತಾರೆ. ಜಡೆಗಟ್ಟಿದ ಉಣ್ಣೆಯ ಕುರಿ ಅಂತ ಅರ್ಥ. ದೂರದಿಂದ ನೋಡಿದರೆ ಹಾಗೇ ಕಾಣುತ್ತದಂತೆ. ಹತ್ತಿರದಿಂದ ನೋಡಿ ಹೇಳುವವರು ಉಳಿಯುವುದಿಲ್ಲ.

ಸರ್ಕಾರ ನಿಷೇಧದ ಗಡಿಯನ್ನು 10 ಕಿಲೋಮೀಟರ್‌ನಿಂದ 15ಕ್ಕೆ, ಆಮೇಲೆ 20ಕ್ಕೆ ಏರಿಸಿತು. ಜನ ಶಿಬಿರಕ್ಕೆ ಬಂದರು. ಆದರೆ ಬೆಳಗಾದರೆ ಮತ್ತೆ ಮೇಲೆ ಹತ್ತುತ್ತಿದ್ದರು. ಯಾಕೆ? ಹಾಲು ಕರೆಯಬೇಕು, ಹುಲ್ಲು ಹಾಕಬೇಕು. ಆ ತಪ್ಪಲಿನ ಮನೆಮನೆಯಲ್ಲೂ ಹಾಲು ಕೊಡುವ ಹಸು ಇದೆ. ಪೊಲೀಸರು ಅಡ್ಡ ನಿಂತರೆ ತೋಟದೊಳಗಿಂದ ಹೋಗುತ್ತಿದ್ದರು. ಕೊನೆಗೆ ಸರ್ಕಾರವೇ ಹಸುಗಳನ್ನು ಕೊಂಡುಕೊಳ್ಳುತ್ತೇವೆ ಅಂತ ಹೇಳಬೇಕಾಯಿತು. ನಾವು ಪೇಟೆಯವರು ಇದನ್ನು ಮೊಂಡುತನ ಅಂದುಕೊಂಡೆವು. ಅದು ಅವರ ಬ್ಯಾಂಕು, ಮಕ್ಕಳ ಫೀಸು, ಮದುವೆ ಖರ್ಚು, ಎಲ್ಲ. ಬ್ಯಾಂಕಿಗೆ ಬೆಂಕಿ ಬಿದ್ದರೆ ನಾವೂ ಓಡುವುದಿಲ್ವಾ?

ಅದಕ್ಕೇ ನನ್ನ ಮೊದಲ ಸೂಚನೆ: ಪುನರ್ವಸತಿಯ ಕಾಗದ ಬರೆಯಲು ಕೂತಾಗ ಮೊದಲ ಪುಟದಲ್ಲಿ ದುಡಿಮೆ ಬರೆಯಿರಿ. ಯಾರ ಹತ್ತಿರ ಎಷ್ಟು ಜಾನುವಾರು ಉಳಿದಿದೆ, ಎಷ್ಟು ಸತ್ತಿದೆ, ಮೇವು ಎಲ್ಲಿಂದ ಬರುತ್ತಿದೆ, ಹಾಲು ಯಾರು ಕೊಳ್ಳುತ್ತಿದ್ದಾರೆ. ಮನೆಯ ನಕ್ಷೆ ಎರಡನೇ ಪುಟಕ್ಕೆ.

ಸಭೆ ಮತ್ತು ನಕ್ಷೆ

ಸಭೆಯ ಹೊತ್ತನ್ನು ಊರಿನವರನ್ನೇ ಕೇಳಿ. ಜಾವಾದಲ್ಲಿ ಏಳು ದಿನದ ವಾರದ ಜೊತೆಗೆ ಐದು ದಿನದ ಇನ್ನೊಂದು ವಾರವೂ ಉಂಟು. ಲೆಗಿ, ಪಾಹಿಂಗ್, ಪೊನ್, ವಾಗೆ, ಕ್ಲಿವೊನ್ ಅಂತ ಹೆಸರು. ಸಂತೆ ಆ ಲೆಕ್ಕದಲ್ಲಿ ಸೇರುತ್ತದೆ. ಸಂತೆ ದಿನ ಸಭೆ ಇಟ್ಟರೆ ಹೆಂಗಸರು ಒಬ್ಬರೂ ಬರುವುದಿಲ್ಲ. ಇದನ್ನು ನಾನು ಎರಡನೇ ಸಲ ಮುಗ್ಗರಿಸಿ ಕಲಿತೆ.

ನಕ್ಷೆಯ ವಿಚಾರದಲ್ಲೂ ಎಡವಿದೆ. ಕಂಪ್ಯೂಟರಿನಲ್ಲಿ ಚಂದ ಬಣ್ಣ ಹಾಕಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೆ. ಎಲ್ಲರೂ ತಲೆಯಾಡಿಸಿದರು. ಯಾರೂ ಮಾತಾಡಲಿಲ್ಲ. ಪ್ರಿಂಟ್ ಆದ ನಕ್ಷೆ ನೋಡಿದರೆ ಕೆಲಸ ಮುಗಿದಿದೆ ಅಂತ ಜನಕ್ಕೆ ಅನಿಸಿಬಿಡುತ್ತದೆ. ಮರುದಿನ ಅದನ್ನು ಸುತ್ತಿಟ್ಟೆ. ಬಿದಿರಿನ ಗುಡಿಸಲಿನ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಹೊಳೆ ಎಳೆದೆವು, ರಸ್ತೆ ಎಳೆದೆವು. ಮುಸುಕಿನ ಜೋಳದ ಒಂದು ಕಾಳು ಒಂದು ಮನೆ. ಸಲಕ್ ಹಣ್ಣಿನ ಒಂದು ಬೀಜ ಒಂದು ಹಸು. ಸಲಕ್ ಆ ಕಡೆ ಎಲ್ಲೆಲ್ಲೂ ಬೆಳೆಯುತ್ತದೆ. ಹಾವಿನ ಚರ್ಮದಂಥ ಸಿಪ್ಪೆ, ಒಳಗೆ ಗಟ್ಟಿ ಕಂದು ಬೀಜ.

ಒಬ್ಬ ಅಜ್ಜಿ ತನ್ನ ಪಾಲಿನ ಒಂದು ಜೋಳ ತಗೊಂಡು ಮೊದಲಿದ್ದ ಜಾಗದಲ್ಲೇ ಇಟ್ಟರು. ಪಕ್ಕದ ಮನೆಯವಳಿಗೆ "ನಿಂದೂ ಇಡು" ಅಂದರು. ಅವಳು ಇಟ್ಟಳು. ಆಮೇಲೆ ಅಜ್ಜಿ ನಾಲ್ಕು ಸಲಕ್ ಬೀಜ ಎತ್ತಿಕೊಂಡು ಅಂಗೈಯಲ್ಲೇ ಇಟ್ಟುಕೊಂಡರು. ನೆಲಕ್ಕೆ ಹಾಕಲೇ ಇಲ್ಲ. ನಾಲ್ಕರಲ್ಲಿ ಮೂರು ಸತ್ತಿದ್ದವು ಅಂತ ಆಮೇಲೆ ಗೊತ್ತಾಯಿತು. ಅಲ್ಲಿಂದ ಮಾತು ಶುರುವಾದದ್ದು ರಾತ್ರಿ ಹನ್ನೊಂದಾದರೂ ನಿಲ್ಲಲಿಲ್ಲ. ಯಾವ ಬಾವಿ ಬೂದಿಯಲ್ಲಿ ಮುಚ್ಚಿಹೋಗಿದೆ, ಕುನಿಂಗ್ ಹೊಳೆಯ ಊಟೆಯಿಂದ ನೀರು ತರುತ್ತಿದ್ದ ಪೈಪು ಎಲ್ಲೆಲ್ಲಿ ಒಡೆದಿದೆ, ಯಾರ ಮನೆ ಅಜ್ಜನಿಗೆ ನಡೆಯಲು ಆಗುವುದಿಲ್ಲ, ಎಲ್ಲ ಹೊರಬಂತು.

ಕಾಳಿನ ನಕ್ಷೆಯ ದೊಡ್ಡ ಲಾಭ ನೆರೆಹೊರೆ. ಯಾರು ಯಾರ ಪಕ್ಕ ಕಾಳು ಇಡುತ್ತಾರೆ ಅಂತ ನೋಡಿ ಬರೆದುಕೊಳ್ಳಿ. ಹೊಸ ಬಡಾವಣೆಯಲ್ಲಿ ಸೈಟು ಹಂಚುವಾಗ ಅದೇ ಸಾಲು ಉಳಿಸಿ. ಚೀಟಿ ಎತ್ತಿ ಹಂಚಿದರೆ ನ್ಯಾಯ ಅನಿಸುತ್ತದೆ, ನಿಜ. ಆದರೆ ರಾತ್ರಿ ಜ್ವರ ಬಂದರೆ ಬಾಗಿಲು ತಟ್ಟುವ ಮನೆ ಮೂರು ಬೀದಿ ಆಚೆ ಹೋಗಿರುತ್ತದೆ. ಚೀಟಿ ಎತ್ತಲೇಬೇಕು ಅಂದರೆ ಹತ್ತು ಮನೆಯ ಒಂದೊಂದು ಗುಂಪಿಗೆ ಎತ್ತಿ. ಗುಂಪಿನ ಒಳಗೆ ಅವರೇ ಹಂಚಿಕೊಳ್ಳುತ್ತಾರೆ.

ಹೆಂಗಸರ ಸಭೆ ಬೇರೆ ಮಾಡಿ. ಗಂಡಸರು ಸಮುದಾಯ ಭವನ ಎಷ್ಟು ದೊಡ್ಡದು ಅಂತ ಒಂದು ಗಂಟೆ ಮಾತಾಡಿದರು. ಹೆಂಗಸರು ಎರಡು ನಿಮಿಷದಲ್ಲಿ ಕೇಳಿದ್ದು, "ಸೌದೆ ಒಲೆ ಎಲ್ಲಿ ಇಡೋದು?" ಸರ್ಕಾರಿ ಮನೆಯ ನಕ್ಷೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಜಾವಾ ಮಾತಲ್ಲಿ ಅಡುಗೆಮನೆಗೆ 'ಪಾವೊನ್' ಅನ್ನುತ್ತಾರೆ. 'ಆವು' ಅಂದರೆ ಬೂದಿ, ಬೂದಿ ಇರುವ ಜಾಗವೇ ಪಾವೊನ್. ಊರ ತುಂಬ ಬೂದಿ ಬಿದ್ದ ಮೇಲೆ ಬೂದಿಯ ಕೋಣೆಗೆ ಮಾತ್ರ ಜಾಗ ಇಲ್ಲ ಅಂತ ಅವರೇ ನಗಾಡಿದರು.

ಬೂದಿ ತೆಗೆಯುವುದು

ಇದು ಒಲೆ ಬೂದಿಯಂತೆ ಹಗುರ ಅಂದುಕೊಳ್ಳಬೇಡಿ. ಪುಡಿಯಾದ ಕಲ್ಲು ಮತ್ತು ಗಾಜು. ನೀರಲ್ಲಿ ಕರಗುವುದಿಲ್ಲ. ಒಂದು ಚದರ ಮೀಟರಿನ ಮೇಲೆ ಒಂದು ಸೆಂಟಿಮೀಟರ್ ಒಣ ಬೂದಿ ಬಿದ್ದರೆ ಐದರಿಂದ ಹತ್ತು ಕಿಲೋ. ಮಳೆಗೆ ನೆನೆದರೆ ಅದರ ಎರಡರಷ್ಟಾಗಬಹುದು. 36 ಚದರ ಮೀಟರಿನ ಸೂರಿನ ಮೇಲೆ ಐದು ಸೆಂಟಿಮೀಟರ್ ಒದ್ದೆ ಬೂದಿ ಅಂದರೆ ಎರಡೂವರೆ ಮೂರು ಟನ್ ಆಗಿಬಿಡುತ್ತದೆ. ಬಿದಿರಿನ ಜಂತಿ ತಡೆಯುವುದಿಲ್ಲ.

ಹಾಗಾಗಿ ಮಳೆಗೆ ಮುಂಚೆ ಸೂರು, ಆಮೇಲೆ ಉಳಿದದ್ದು. ತುಸು ನೀರು ಚಿಮುಕಿಸಿ, ಧೂಳು ಏಳದಷ್ಟು ಮಾತ್ರ. ಪೈಪು ಹಿಡಿದು ತೊಳೆಯಬೇಡಿ, ಗಾರೆಯಂತೆ ಗಟ್ಟಿಯಾಗುತ್ತದೆ. ಸೂರಿನ ಎರಡೂ ಕಡೆಯಿಂದ ಸಮನಾಗಿ ತೆಗೆಯಿರಿ. ಒಂದು ಕಡೆ ಖಾಲಿ ಮಾಡಿ ಇನ್ನೊಂದು ಕಡೆ ಭಾರ ಉಳಿದರೆ ಸೂರು ವಾಲುತ್ತದೆ. ಹತ್ತುವವರ ಸೊಂಟಕ್ಕೆ ಹಗ್ಗ ಕಟ್ಟಿ, ಒಬ್ಬರು ಕೆಳಗೆ ಹಿಡಿದಿರಲಿ. ಮೂಗಿಗೆ ಎನ್ 95 ಮಾಸ್ಕು, ಕಣ್ಣಿಗೆ ಕನ್ನಡಕ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅವತ್ತು ತೆಗೆದಿಡಬೇಕು. ಇಡೀ ಬೀದಿ ಒಂದೇ ದಿನ ಮಾಡಬೇಕು, ಮೇಲಿನ ಮನೆಯಿಂದ ಕೆಳಕ್ಕೆ. ಒಬ್ಬರು ಇವತ್ತು, ಇನ್ನೊಬ್ಬರು ನಾಳೆ ಅಂತ ಮಾಡಿದರೆ ಗಾಳಿಗೆ ಮತ್ತೆ ಅಲ್ಲಿಗೇ ಬರುತ್ತದೆ. ಅಲ್ಲಿ ಇದಕ್ಕೆ 'ಗೊತೊಂಗ್ ರೊಯೊಂಗ್' ಅನ್ನುತ್ತಾರೆ, ನಮ್ಮ ಮುಯ್ಯಾಳಿನ ಹಾಗೆ.

ಬೂದಿ ಚರಂಡಿಗೆ ಹೋಗಬಾರದು. ಎಲ್ಲಿ ಸುರಿಯುವುದು ಅಂತ ಮೊದಲೇ ಒಂದು ಗುಂಡಿ ಗೊತ್ತು ಮಾಡಿಕೊಳ್ಳಿ. ಹಸುವಿಗೆ ಬೂದಿ ಬಿದ್ದ ಹುಲ್ಲು ಹಾಗೇ ಹಾಕಬೇಡಿ. ಜಾಡಿಸಿ, ತೊಳೆದು ಹಾಕಿ. ಬೂದಿಯ ಜೊತೆ ಫ್ಲೋರೈಡ್ ಒಳಗೆ ಹೋದರೆ ಜಾನುವಾರಿಗೆ ಕೇಡು.

ಜಾಗ ನೋಡುವುದು: ಎರಡು ಮಳೆಗಾಲ ಕಾಯಿರಿ

ಬೆಟ್ಟ ತಣ್ಣಗಾಯಿತು ಅಂತ ಜನ ಉಸಿರು ಬಿಡುತ್ತಾರೆ. ಆಗಲೇ ಎರಡನೇ ಕಷ್ಟ ಶುರು. ಮೇಲೆ ಕೂತ ಕೋಟಿಗಟ್ಟಲೆ ಘನಮೀಟರ್ ಮರಳು, ಕಲ್ಲು, ಬೂದಿ ಮಳೆಗೆ ಕೆಸರಾಗಿ ಹೊಳೆಯಲ್ಲಿ ಇಳಿಯುತ್ತದೆ. ಇದಕ್ಕೆ ಲಹಾರ್ ಅನ್ನುತ್ತಾರೆ. ಇಡೀ ಜಗತ್ತಿನ ವಿಜ್ಞಾನಿಗಳು ಬಳಸುವ ಈ ಪದ ಜಾವಾದವರದ್ದೇ. 2011ರ ಜನವರಿಯಲ್ಲಿ ಪುತಿಹ್ ಹೊಳೆ ಜುಮೊಯೊ ಊರಿನ ಹತ್ತಿರ ದಾರಿ ಬದಲಿಸಿ ಯೋಗ್ಯಕರ್ತ–ಮಗೆಲಾಂಗ್ ಹೆದ್ದಾರಿಗೇ ನುಗ್ಗಿತು. ಬೆಟ್ಟ ಸಿಡಿದಾಗ ಏನೂ ಆಗದ ಮನೆಗಳು ಆಗ ಹೋದವು.

ಹೊಸ ಜಾಗ ನೋಡುವಾಗ ಹೊಳೆಯ ದಡದಲ್ಲಿ ನಿಂತು ಕಲ್ಲುಗಳನ್ನು ನೋಡಿ. ಹೊಲದ ನಡುವೆ ಎಮ್ಮೆಯಷ್ಟು ದೊಡ್ಡ ಕರಿ ಬಂಡೆ ಒಂಟಿಯಾಗಿ ಕೂತಿದ್ದರೆ ಅದು ಅಲ್ಲಿ ಹುಟ್ಟಿದ್ದಲ್ಲ. ಹೊಳೆ ಯಾವತ್ತೋ ತಂದು ಬಿಟ್ಟದ್ದು. ಹಿರಿಯರನ್ನು ಕೇಳಿ, ಜಾಗದ ಹೆಸರು ಕೇಳಿ. ಅಲ್ಲಿ ಹೂಳು ತಡೆಯಲು ಸಾಬೊ ಎಂಬ ಕಟ್ಟೆಗಳಿವೆ. ಒಳ್ಳೆಯದೇ. ಆದರೆ ಕಟ್ಟೆ ಇದೆ ಅಂತ ದಡಕ್ಕೆ ಮನೆ ಇಳಿಸಬೇಡಿ, ಹೂಳು ತುಂಬಿದ ಕಟ್ಟೆ ಮೆಟ್ಟಿಲಿನ ಹಾಗೆ, ಕೆಸರು ಅದರ ಮೇಲೇ ದಾಟಿ ಬರುತ್ತದೆ. ಮೇಲೆ ಕಲಿಯಾದೆಮ್ ಎಂಬಲ್ಲಿ ಬಿಸಿ ಮೋಡ ಬಂದರೆ ಅವಿತುಕೊಳ್ಳಲು ಕಟ್ಟಿದ ಕಾಂಕ್ರೀಟಿನ ನೆಲಮಾಳಿಗೆ ಇತ್ತು. 2006ರಲ್ಲಿ ಅದರೊಳಗೆ ಅವಿತ ಇಬ್ಬರು ಬಿಸಿಗೆ ತೀರಿಕೊಂಡರು. ಅಲ್ಲಿಗೆ ಕರೆದೊಯ್ದ ಹುಡುಗ ಬಾಗಿಲು ತೋರಿಸಿ, "ಬೆಟ್ಟದಿಂದ ದೂರ ಇರೋದೊಂದೇ ಗೋಡೆ" ಅಂದ.

ಎರಡು ಮಳೆಗಾಲ ಕಳೆದು ಹೊಳೆಯ ದಾರಿ ಗೊತ್ತಾಗುವವರೆಗೆ ಬಿದಿರಿನ ತಾತ್ಕಾಲಿಕ ಮನೆ ಸಾಕು. ಅಲ್ಲಿ ಅದಕ್ಕೆ 'ಹುಂತಾರಾ', ಕಾಯಂ ಮನೆಗೆ 'ಹುಂತಾಪ್'. ಹುಂತಾರಾ ಕಟ್ಟಿದ್ದು ಪಂಚಾಯ್ತಿಯ ಜಾಗದಲ್ಲಿ. ಅದರಿಂದ ಖಾಸಗಿ ಜಮೀನಿನ ಜಗಳ ಉಳಿಯಿತು.

ಮೇಲಿನ ಜಮೀನು ಯಾರದ್ದು

ಎಲ್ಲ ಸಭೆಯಲ್ಲೂ ಎಲ್ಲರ ಬಾಯಲ್ಲೂ ಇದ್ದ ಪ್ರಶ್ನೆ, ಆದರೆ ಯಾರೂ ಮೊದಲು ಕೇಳುವುದಿಲ್ಲ. ಕೆಳಗೆ ಮನೆ ತಗೊಂಡರೆ ಮೇಲಿನ ಜಮೀನು ಕಿತ್ತುಕೊಳ್ಳುತ್ತಾರಾ? ಅಲ್ಲಿನ ಒಪ್ಪಂದ ಹೀಗಿತ್ತು: ಜಮೀನು ನಿಮ್ಮದೇ, ಬೆಳೆ ತೆಗೆಯಬಹುದು, ಹುಲ್ಲು ಕೊಯ್ಯಬಹುದು, ಮನೆ ಕಟ್ಟಿ ಮಲಗುವಂತಿಲ್ಲ. ಇದನ್ನು ಮೊದಲ ದಿನವೇ ಬರೆದು ಸಹಿ ಹಾಕಿಸಿ ಕೊಡಿ. ಬಾಯಿಮಾತಿಗೆ ಬೆಲೆ ಇಲ್ಲ. ಪಹಣಿ ಸುಟ್ಟುಹೋದವರ ಪಟ್ಟಿಯನ್ನು ಬೇರೆ ಮಾಡಿ. ನಾಲ್ಕು ದಿಕ್ಕಿನ ಹೊಲದವರು ಸಾಕ್ಷಿ ಹಾಕಲಿ.

ಒಪ್ಪದವರೂ ಇರುತ್ತಾರೆ. ಕಲಿತೆಂಗಾಹ್ ಲೋರ್ ಎಂಬ ಮೇಲಿನ ಊರಿನವರು ಕೆಳಗೆ ಬರುವುದೇ ಇಲ್ಲ ಅಂದರು, ಅಲ್ಲೇ ಮತ್ತೆ ಕಟ್ಟಿಕೊಂಡರು. ನನಗೆ ಮೊದಲು ಸಿಟ್ಟು ಬಂದಿತ್ತು. ಈಗ ಅನಿಸುವುದು: ಬರದವರನ್ನು ಯೋಜನೆಯಿಂದ ಹೊರಗಿಟ್ಟರೆ ಅಪಾಯ ಜಾಸ್ತಿ. ಅವರು ಇಳಿಯುವ ದಾರಿ, ಲಾರಿ, ಎಚ್ಚರಿಸಲು ಮರದ ಕೆಂತೊಂಗನ್ ಬಡಿಯುವವರು ಯಾರು, ವಾಕಿಟಾಕಿ ಯಾರ ಕೈಯಲ್ಲಿ ಅನ್ನುವುದು ನಮ್ಮ ಕಾಗದದಲ್ಲೇ ಇರಬೇಕು.

ದುಡ್ಡು

ಕಾಯಂ ಮನೆಗೆ ಒಂದು ಕುಟುಂಬಕ್ಕೆ 3 ಕೋಟಿ ರುಪಿಯಾ ಸಿಕ್ಕಿತು. ಕೇಳಲು ದೊಡ್ಡದು, ಆಗಿನ ಲೆಕ್ಕದಲ್ಲಿ ನಮ್ಮ ಒಂದೂವರೆ ಲಕ್ಷ ರೂಪಾಯಿ ಚಿಲ್ಲರೆ. ನೂರು ಚದರ ಮೀಟರ್ ಸೈಟು, 36 ಚದರ ಮೀಟರ್ ಮನೆ. 'ರೆಕೊಂಪಾಕ್' ಎಂಬ ಯೋಜನೆಯ ಮೂಲಕ ಬಂದ ದುಡ್ಡು ಅದು. ಗುತ್ತಿಗೆದಾರನಿಗೆ ಹೋಗಲಿಲ್ಲ, ಮನೆಯವರ ಗುಂಪಿಗೇ ಬಂತು. ಕಟ್ಟಿದ್ದೂ ಅವರೇ. ಕಂತಿನಲ್ಲಿ ಬರುತ್ತದೆ, ಗುಂಪಿನಲ್ಲಿ ಎಲ್ಲರ ತಳಪಾಯ ಆಗದೆ ಮುಂದಿನ ಕಂತು ಇಲ್ಲ ಅನ್ನುವ ಹಾಗೆ ನಮ್ಮವರು ತಮ್ಮೊಳಗೇ ಮಾಡಿಕೊಂಡರು. ಆದ್ದರಿಂದ ಗಂಡ ಸತ್ತ ಮನೆಗಳ ತಳಪಾಯ ಎಲ್ಲರಿಗಿಂತ ಮೊದಲು ಮುಗಿಯಿತು!

ಸಿಮೆಂಟು ಎಷ್ಟು ಮೂಟೆ, ಯಾವ ಅಂಗಡಿ, ಎಷ್ಟು ದುಡ್ಡು ಅಂತ ಕರಿಹಲಗೆಯ ಮೇಲೆ ದಿನಾ ಬರೆಯಿರಿ. ಮಸೀದಿಗೆ ಹೋಗುವ ದಾರಿಯಲ್ಲಿ ಹಲಗೆ ಇಟ್ಟಿದ್ದೆವು. ಮರಳಿಗೆ ಖರ್ಚಿಲ್ಲ, ಬೆಟ್ಟವೇ ತಂದು ಸುರಿದಿತ್ತು. ಆದರೆ ಮರಳು ಲಾರಿಗಳು ಊರಿನ ರಸ್ತೆ ಹಾಳು ಮಾಡುತ್ತವೆ. ಲಾರಿಗೆ ಇಷ್ಟು ಅಂತ ಊರಿನ ಡಬ್ಬಿಗೆ ಹಾಕಿಸುವ ಮಾತನ್ನು ಮೊದಲ ಲಾರಿ ಬರುವ ಮುಂಚೆಯೇ ಆಡಿ ಮುಗಿಸಿ.

ದಾನದ ಬಗ್ಗೆ ಒಂದೇ ಮಾತು. ಹಳೇ ಬಟ್ಟೆ ಬೇಡ ಅಂತ ಬೋರ್ಡು ಹಾಕಿ. ಒಂದು ಸಂಸ್ಥೆ ಕಳಿಸಿದ ಮೂಟೆಯಲ್ಲಿ ಮದುವೆ ಗೌನು ಬಂದಿತ್ತು.

ಕೊಟ್ಟಿಗೆ

ಮನೆಗಳು ಒತ್ತೊತ್ತಾಗಿರುವುದರಿಂದ ಹಸು ಮನೆ ಪಕ್ಕ ಕಟ್ಟಲು ಆಗುವುದಿಲ್ಲ. ಹಾಗಾಗಿ ಎಲ್ಲರ ಹಸುಗಳಿಗೂ ಸೇರಿ ಒಂದು ಕೊಟ್ಟಿಗೆ. ಇಲ್ಲಿ ನಾನು ಮತ್ತೆ ತಪ್ಪಿದೆ. ವಾಸನೆ ಬರಬಾರದು ಅಂತ ಬಡಾವಣೆಯಿಂದ ಮುನ್ನೂರು ಮೀಟರ್ ಆಚೆ ಗುರುತು ಹಾಕಿದೆ. "ರಾತ್ರಿ ಕರು ಹಾಕಿದರೆ ಕೂಗು ಕೇಳಬೇಕಲ್ಲ" ಅಂದರು ಅದೇ ಅಜ್ಜಿ. ಒಬ್ಬ ಹುಡುಗನನ್ನು ಗುರುತಿನ ಜಾಗಕ್ಕೆ ಕಳಿಸಿ ಹಸುವಿನ ಹಾಗೆ ಕೂಗಿಸಿದೆವು. ಕೇಳಲಿಲ್ಲ. ಹತ್ತತ್ತು ಹೆಜ್ಜೆ ಹತ್ತಿರ ಕರೆದು ಮತ್ತೆ ಮತ್ತೆ ಕೂಗಿಸಿ, ಕೇಳಿದ ಕಡೆ ಗೂಟ ಹೊಡೆದೆವು. ಯಾವ ಕೈಪಿಡಿಯಲ್ಲೂ ನಾನು ಈ ಅಳತೆ ನೋಡಿಲ್ಲ.

ಗಾಳಿ ಬೀಸುವ ದಿಕ್ಕು ನೋಡಿ. ಸಗಣಿ ಗುಂಡಿ ಬಾವಿಗಿಂತ ತಗ್ಗಿನಲ್ಲಿರಲಿ. ಒಂದೊಂದು ಗೂಟಕ್ಕೂ ಮನೆಯವರ ಹೆಸರು ಬರೆಯಿರಿ. ರಾತ್ರಿ ಕಾವಲಿಗೆ ಪಾಳಿ ಹಚ್ಚಿ. ಲಾರಿ ಹಿಮ್ಮುಖವಾಗಿ ಬಂದು ನಿಲ್ಲುವಷ್ಟು ಜಾಗ, ಹಸು ಹತ್ತಲು ಮಣ್ಣಿನ ದಿಬ್ಬ ಮಾಡಿ. ಬೆಟ್ಟ ಮತ್ತೆ ಗುಡುಗಿದರೆ ಹಸು ಮೊದಲು ಇಳಿಯಬೇಕು. ಹಸು ಕೆಳಗಿದ್ದರೆ ಮನುಷ್ಯ ಮೇಲೆ ಹೋಗುವುದಿಲ್ಲ.

ಯಾರ ಮನೆಗೆ ಹೋಗುವುದು

2010ರಲ್ಲಿ ಒಂದೇ ಊರಿನವರು ಎಷ್ಟೋ ಶಿಬಿರಗಳಿಗೆ ಚೆದುರಿ ಹೋಗಿದ್ದರು. ಅಣ್ಣ ಎಲ್ಲಿ, ತಮ್ಮ ಎಲ್ಲಿ ಗೊತ್ತಿಲ್ಲ. ಅದಕ್ಕೇ ಆಮೇಲೆ ಮಗೆಲಾಂಗ್ ಜಿಲ್ಲೆಯಲ್ಲಿ ಮೇಲಿನ ಊರಿಗೂ ಕೆಳಗಿನ ಊರಿಗೂ ನಂಟು ಮಾಡಿಸಿದರು. ಅಣ್ಣತಮ್ಮ ಊರು ಅಂತ. ನಮ್ಮ ಊರಿನವರು ನಿಮ್ಮ ಊರಿಗೇ ಬರುತ್ತೇವೆ, ಇಷ್ಟು ಜನ, ಇಷ್ಟು ಮಕ್ಕಳು, ಇಂಥ ಶಾಲೆ ಅಂತ ಕಾಗದ. ಬೆಟ್ಟ ಸುಮ್ಮನಿದ್ದಾಗಲೇ ಮಾಡಬೇಕಾದ ಕೆಲಸ ಇದು. ವರ್ಷಕ್ಕೊಂದು ಸಲ ಊಟಕ್ಕೆ ಕರೆದುಕೊಳ್ಳಿ, ಮುಖ ಪರಿಚಯ ಉಳಿಯುತ್ತದೆ. 2020ರ ನವೆಂಬರಿನಲ್ಲಿ ಬೆಟ್ಟದ ಎಚ್ಚರಿಕೆ ಏರಿದಾಗ ಕ್ರಿಂಜಿಂಗ್‌ನವರು ದೆಯಾಂಗನ್‌ಗೆ, ಙರ್ಗೊಮುಲ್ಯೊದವರು ತಮನಾಗುಂಗ್‌ಗೆ ಹೋದರು. ಗಲಾಟೆ ಇಲ್ಲ.

ನಮ್ಮ ಕೊಟ್ಟಿಗೆಯ ನಕ್ಷೆ ಮುಗಿಯುವ ದಿನ ಅಜ್ಜಿ ಇನ್ನೂ ನಾಲ್ಕು ಕಲ್ಲು ತಂದು ಸಾಲಿನ ಕೊನೆಗೆ ಇಟ್ಟಿದ್ದರು. "ಇದು ಯಾರದು ಅಜ್ಜಿ?" ಅಂದೆ. "ಮೇಲಿನವರ ಹಸು ಬಂದರೆ ಎಲ್ಲಿ ಕಟ್ಟೋದು?" ಅಂದರು. ದುಡ್ಡಿಲ್ಲ ಅಂತ ನಾನು ವಾದ ಮಾಡಿದೆ. ಸೋತೆ. ನಾಲ್ಕು ಗೂಟ ಜಾಸ್ತಿ ಹಾಕಿಸಿದರು, ಹೆಸರು ಬರೆಯಿಸಲಿಲ್ಲ.

2020ರ ಆ ನವೆಂಬರಿನಲ್ಲಿ ಕೇರಿಯ ಮುಖ್ಯಸ್ಥರು ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದರು. ಕೊಟ್ಟಿಗೆಯ ಕೊನೆಯ ನಾಲ್ಕು ಗೂಟಕ್ಕೂ ಹಸು ಕಟ್ಟಿತ್ತು. ಮುಂದೆ ಹಸಿರು ಹುಲ್ಲಿನ ಕಟ್ಟು. ಗೂಟದ ಮೇಲೆ ಯಾರೋ ಸುಣ್ಣದಲ್ಲಿ ಮೇಲಿನ ಊರಿನ ಹೆಸರು ಬರೆದಿದ್ದರು.